ಸಾಬು ಹುಟ್ಟಿದ ಊರಲ್ಲಿ ಎರಡು ರಾತ್ರಿ

"ಟಾರ್ಚ್ ಆರ್ಸಿ ಸಾಮಿ! ಸದ್ದು ಮಾಡಬ್ಯಾಡಿ!"

ವರ್ಷಗಟ್ಟಲೆ ಸ್ಟುಡಿಯೋಗಳಲ್ಲಿ 'ಸೈಲೆನ್ಸ್!' ಅಂತ ಗದರಿಸಿಕೊಂಡವನು ನಾನು. ಆದರೆ ಈ ಗದರಿಕೆ ಯಾವ ನಿರ್ದೇಶಕರದ್ದೂ ಅಲ್ಲ. ನಾಗರಹೊಳೆ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ, ಕಬಿನಿ ಹಿನ್ನೀರಿನ ದಡದ ಒಂದು ಹೆಂಚಿನ ಕುಟೀರದ ಕಾವಲುಗಾರನದ್ದು!

ಅಲ್ಲಿಗೆ ನಾನೇಕೆ ಹೋದೆ? ಕೇಳಿ.

ಹಾಲಿವುಡ್‌ಗೆ ಹೋದ ನಮ್ಮ ಮೈಸೂರು ಸೀಮೆಯ ಹುಡುಗ ಸಾಬು ಗೊತ್ತಲ್ಲ? 1924ರಲ್ಲಿ ಕಾರಾಪುರದಲ್ಲಿ ಹುಟ್ಟಿದ ಮಾವುತನ ಮಗ. 'ಎಲಿಫೆಂಟ್ ಬಾಯ್' ಚಿತ್ರಕ್ಕಾಗಿ ರಾಬರ್ಟ್ ಫ್ಲಾಹರ್ಟಿ ಮೈಸೂರಿಗೆ ಬಂದಾಗ ಆಯ್ಕೆಯಾದ. 1937ರಲ್ಲಿ ಚಿತ್ರ ತೆರೆ ಕಂಡಿತು, ಹುಡುಗ ಜಗತ್ಪ್ರಸಿದ್ಧನಾದ! ಆಮೇಲೆ 'ಥೀಫ್ ಆಫ್ ಬಾಗ್ದಾದ್', 'ಜಂಗಲ್ ಬುಕ್'... 1963ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡಾಗ ವಯಸ್ಸು ಬರೀ 39.

ಅವನ ಊರು ನೋಡಬೇಕೆಂಬ ಆಸೆ. ಏಪ್ರಿಲ್‌ನಲ್ಲಿ ಮೈಸೂರಿನಿಂದ ಎಚ್.ಡಿ. ಕೋಟೆ, ಅಂತರಸಂತೆ ದಾಟಿ ಕಾರಾಪುರಕ್ಕೆ ಹೊರಟೇಬಿಟ್ಟೆ. ಕುಟೀರದಲ್ಲಿ ಒಂದು ಮಂಚ, ಒಂದು ಲಾಟೀನು, ಮುಂದೊಂದು ಜಗಲಿ. ಅಷ್ಟೆ. ಟಿ.ವಿ. ಇಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಸಂಜೆ ಏಳಕ್ಕೇ ಬೇಜಾರು ಶುರು! "ಇಲ್ಲೇನಪ್ಪಾ ನಡೆಯೋದು?" ಅಂದೆ. ಕಾವಲುಗಾರ ನಕ್ಕು ಸುಮ್ಮನಾದ.

ರಾತ್ರಿ ಹತ್ತರ ಸುಮಾರಿಗೆ ಬೆಳದಿಂಗಳಲ್ಲಿ ಏಳೆಂಟು ಆನೆ ನೀರಿಗೆ ಬಂದವು. ಜೊತೆಗೊಂದು ಪುಟ್ಟ ಮರಿ. ನನಗೆ ತಡೆಯಲಾಗಲಿಲ್ಲ. "ಅಯ್ಯೋ, ಎಷ್ಟು ಚೆಂದ!" ಅಂತ ಕೂಗಿ ಟಾರ್ಚ್ ಬಿಟ್ಟೆ. ಗುಂಪು ಘೀಳಿಟ್ಟು ಓಡಿತು. ಮರಿ ಮಾತ್ರ ದಡದ ಕೆಸರಲ್ಲಿ ಜಾರಿ ಬಿತ್ತು. ಏಳುತ್ತದೆ, ಬೀಳುತ್ತದೆ... ಹುಲಿಯಿರುವ ಕಾಡು ಸ್ವಾಮಿ ಅದು! ನನ್ನ ಕೈಕಾಲು ತಣ್ಣಗಾಯ್ತು. ಕೊನೆಗೆ ತಾಯಿ ವಾಪಸ್ ಬಂದು ಸೊಂಡಿಲಿನಿಂದ ಎತ್ತಿ, ಹಣೆಯಿಂದ ದೂಡಿ ಕರೆದೊಯ್ದಳು. ಆಗ ನನಗೆ ಉಸಿರು ಬಂತು.

ಬೆಳಿಗ್ಗೆ ಮುಖ ತೋರಿಸಲು ನಾಚಿಕೆ. ಕಾವಲುಗಾರನೇ ಟೀ ತಂದು ಮಾತು ತೆಗೆದ. ಜೇನು ಕುರುಬರ ಪೈಕಿ. ಅವನಜ್ಜ ಕಾಕನಕೋಟೆ ಖೆಡ್ಡಾದಲ್ಲಿ ತಮಟೆ ಬಡಿದವನಂತೆ. ಮಹಾರಾಜರ ಕಾಲದ ಆ ಖೆಡ್ಡಾದಲ್ಲಿ ತಮಟೆ, ಪಂಜು, ಬಂದೂಕಿನ ಸದ್ದಿಗೆ ಹೆದರಿಸಿಯೇ ಕಾಡಾನೆಗಳನ್ನು ಹೊಳೆಗಿಳಿಸಿ ಕೂಡುದೊಡ್ಡಿಗೆ ನುಗ್ಗಿಸುತ್ತಿದ್ದರು. 1970ರ ದಶಕದ ಆರಂಭದಲ್ಲಿ ಅದು ನಿಂತಿತು. 1974ರಲ್ಲಿ ಬೀಚನಹಳ್ಳಿಯ ಕಬಿನಿ ಅಣೆಕಟ್ಟು ಮುಗಿದು, ಹಳೇ ಕಾಡಿನ ಎಷ್ಟೋ ಭಾಗ ನೀರಡಿಯಾಯಿತು.

"ನಮ್ಮಜ್ಜನ ಹಾಡಿನೂ ಅಲ್ಲೇ ಮುಳುಗೈತೆ" ಅಂತ ನೀರಿನತ್ತ ಕೈ ತೋರಿಸಿದ. ಬೇಸಿಗೆಯಲ್ಲಿ ನೀರಿಳಿದಾಗ ಆ ನೆಲದಲ್ಲಿ ಹಸಿರು ಹುಲ್ಲು ಚಿಗುರುತ್ತದೆ. ಅದನ್ನು ಮೇಯಲೆಂದೇ ಆನೆಗಳ ಹಿಂಡು ಹಿಂಡೇ ಬರುವುದು.

ಆಮೇಲೆ ಅವನು ಆಡಿದ ಮಾತನ್ನು ಯಾವ ಸಂಭಾಷಣೆಕಾರರೂ ಬರೆದಾರೆಯೇ? "ಆಗ ನಮ್ಮಜ್ಜಂಗೆ ಕೂಗಿದ್ದಕ್ಕೆ ಕೂಲಿ. ಈಗ ನಂಗೆ ಸುಮ್ಕಿರಾದಕ್ಕೆ ಸಂಬಳ. ನೀವು ನಿನ್ನೆ ಬಿಟ್ಟಿ ಖೆಡ್ಡಾ ಮಾಡಿಬಿಟ್ರಿ ಸಾಮಿ!"

ಎರಡನೇ ರಾತ್ರಿ ಟಾರ್ಚನ್ನು ಅವನ ಕೈಗೇ ಕೊಟ್ಟು ಜಗಲಿಯಲ್ಲಿ ಕೂತೆ. ಮೊದಲು ಜೀರುಂಡೆ. ಆಮೇಲೆ ದೂರದಲ್ಲೊಂದು ಕಡವೆಯ ಕೂಗು. ಹುಲಿಯೋ ಚಿರತೆಯೋ ನಡೆದಾಡುತ್ತಿರುವ ಸೂಚನೆ. ಹನ್ನೊಂದಕ್ಕೆ ಹುಲ್ಲು ಕೀಳುವ ಚರಚರ ಸದ್ದು, ಜೊತೆಗೆ ಎದೆಗೆ ತಾಗುವಂಥ ಗುಡುಗುಡು. ಆನೆಗಳು ಮಾತಾಡೋದೇ ಹಾಗೆ. ಅದರಲ್ಲೂ ಬಹುಪಾಲು ನಮ್ಮ ಕಿವಿಗೆ ನಿಲುಕದಷ್ಟು ಕೆಳಸ್ವರದಲ್ಲಿ! ಮೌನ ಅಂತ ನಾನು ಬೇಜಾರುಪಟ್ಟ ಹೊತ್ತಿನಲ್ಲಿ ಕಾಡಿನ ತುಂಬ ಮಾತುಕತೆ ನಡೆದಿತ್ತು.

ಗುಂಪಿನ ನಡುವೆ ಒಂದು ಮರಿ. ಅದೇನಾ? ಕೇಳೋಣವೆಂದು ತಿರುಗಿದೆ. ಕಾವಲುಗಾರ ತುಟಿ ಮೇಲೆ ಬೆರಳಿಟ್ಟ.

ಸಾಬುವಿನ ಮನೆ ಎಲ್ಲಿತ್ತೋ, ಯಾರೂ ತೋರಿಸಲಿಲ್ಲ. ಆದರೆ ಆ ಹುಡುಗ ಚಿಕ್ಕಂದಿನಲ್ಲಿ ಕೇಳಿರಬಹುದಾದ ಸದ್ದನ್ನು ಕೇಳಿ ಬಂದೆ. ನೀವೂ ಹೋಗಿ ಓದುಗರೇ, ಸುಮ್ಮನಿರೋಕೆ ಬರುತ್ತೆ ಅಂದ್ರೆ ಮಾತ್ರ!