ಹೊಗೆನಕಲ್ ಟೂರ್: ತೆಪ್ಪ ಹತ್ತುವ ಮೊದಲು ತಿಳಿಯಬೇಕಾದ ಸುರಕ್ಷತೆ ಮತ್ತು ಕಾನೂನು

ರಜೆ ಬಂತೆಂದರೆ ಬೈಕ್, ಕಾರು ಹತ್ತಿ ಹೊಗೆನಕಲ್ ಕಡೆ ಹೊರಡುವ ಯುವಕರು, ಕುಟುಂಬಗಳು ಬಹಳ. ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ಈ ಜಲಪಾತಕ್ಕೆ ಹೆಸರು ಬಂದಿದ್ದೇ ಕನ್ನಡದ 'ಹೊಗೆ' ಮತ್ತು 'ಕಲ್ಲು' ಪದಗಳಿಂದ. ಕಾವೇರಿಯ ಆಚೆ ದಡ ನಮ್ಮ ಚಾಮರಾಜನಗರ ಜಿಲ್ಲೆ. ಅಲ್ಲಿಗೆ ಹೋದವರು ತೆಪ್ಪ ಹತ್ತದೆ ಬರುವುದು ಕಡಿಮೆ.

ಅಪಾಯ ಎಲ್ಲಿದೆ?

ತೆಪ್ಪ ಎಂದರೆ ಬಿದಿರಿನ ದುಂಡು ಬುಟ್ಟಿ. ತಳ ಚಪ್ಪಟೆ, ಸುಳಿಗೆ ಸಿಕ್ಕರೆ ಗಿರಗಿರ ತಿರುಗುತ್ತದೆ. ಸೆಲ್ಫಿಗೆಂದು ಒಬ್ಬ ಎದ್ದು ನಿಂತರೂ ಭಾರ ಒಂದು ಬದಿಗೆ ವಾಲಿ ಮಗುಚಬಹುದು. ಎರಡೂ ಕಡೆ ಬಂಡೆ ಇರುವುದರಿಂದ ಈಜು ಬಲ್ಲವನಿಗೂ ತಲೆಗೆ ಏಟು ಬೀಳಬಹುದು.

ಇನ್ನೊಂದು ವಿಷಯ, ಹೊಗೆನಕಲ್‌ನಲ್ಲಿ ಬಿಸಿಲಿದ್ದ ಮಾತ್ರಕ್ಕೆ ನದಿ ಶಾಂತ ಎಂದು ಅರ್ಥವಲ್ಲ. ಕೊಡಗು, ವಯನಾಡಿನಲ್ಲಿ ಮಳೆ ಸುರಿದು ಕೆಆರ್‌ಎಸ್, ಕಬಿನಿಯಿಂದ ಬಿಟ್ಟ ನೀರು ಬಿಳಿಗುಂಡ್ಲು ದಾಟಿ ಇಲ್ಲಿಗೇ ಬರುತ್ತದೆ. 2024ರ ಜುಲೈ ಕೊನೆಯಲ್ಲಿ ಹರಿವು 1 ಲಕ್ಷ ಕ್ಯೂಸೆಕ್ ದಾಟಿತ್ತು. ಅಂದರೆ ಸೆಕೆಂಡಿಗೆ ಸುಮಾರು 28 ಲಕ್ಷ ಲೀಟರ್. ಇಂತಹ ಸಮಯದಲ್ಲಿ ಜಿಲ್ಲಾಡಳಿತ ತೆಪ್ಪ ಮತ್ತು ಸ್ನಾನ ಎರಡನ್ನೂ ನಿಷೇಧಿಸುತ್ತದೆ. ಆಗ 'ಇನ್ನೂರು ಜಾಸ್ತಿ ಕೊಡಿ, ಬೇರೆ ದಾರಿಯಲ್ಲಿ ಕರ್ಕೊಂಡು ಹೋಗ್ತೇನೆ' ಎಂದು ಯಾರಾದರೂ ಹೇಳಿದರೆ ಹೋಗಲೇಬೇಡಿ.

ಗಾಯವಾದರೆ ಹಕ್ಕೇನು?

ಹಣ ಕೊಟ್ಟು ಪಡೆದ ಸೇವೆಯಲ್ಲಿ ಲೋಪವಾಗಿ ಗಾಯವಾದರೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಡಿ ಪರಿಹಾರ ಕೇಳಬಹುದು. ಲೈಫ್ ಜಾಕೆಟ್ ಕೊಡದಿರುವುದು, ಮಿತಿಗಿಂತ ಹೆಚ್ಚು ಜನ ತುಂಬುವುದು ಇಂತಹ ಲೋಪಗಳು. ದೂರು ಕೊಡಲು ಧರ್ಮಪುರಿಗೆ ಅಲೆಯಬೇಕಿಲ್ಲ. ದೂರುದಾರ ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಸಲ್ಲಿಸಬಹುದು, ಅಂದರೆ ಮಂಗಳೂರಿನವರಿಗೆ ಮಂಗಳೂರಿನಲ್ಲೇ. ಕೊಟ್ಟ ಹಣ 5 ಲಕ್ಷ ರೂ. ಒಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಗಡುವು 2 ವರ್ಷ. ಆದರೆ ಪುರಾವೆ ಬೇಕು: ಟಿಕೆಟ್, ಫೋಟೋ, ಆಸ್ಪತ್ರೆ ದಾಖಲೆ, ಪೊಲೀಸ್ ದೂರಿನ ಪ್ರತಿ. ಚೀಟಿ ಇಲ್ಲದೆ ಕೈಗೆ ಕಾಸು ಕೊಟ್ಟು ಹತ್ತಿದರೆ ಹಣ ಕೊಟ್ಟದ್ದನ್ನು ಸಾಬೀತು ಮಾಡುವುದೇ ಕಷ್ಟ. ಮಾಹಿತಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ವ್ಯಾಪಾರಿಗಳೂ ಗಮನಿಸಿ

ಇದೇ ಕಾಯ್ದೆಯಲ್ಲಿ 'ಉತ್ಪನ್ನ ಹೊಣೆಗಾರಿಕೆ' ಎಂಬ ಅಧ್ಯಾಯವಿದೆ. ದೋಷವಿರುವ ವಸ್ತುವಿನಿಂದ ಗಾಯವಾದರೆ ತಯಾರಕ ಪರಿಹಾರ ಕೊಡಬೇಕು. ತಯಾರಕ ಯಾರೆಂದೇ ಗೊತ್ತಿಲ್ಲದಿದ್ದರೆ ಹೊಣೆ ಮಾರಿದವನ ತಲೆಗೇ ಬರಬಹುದು. ನಮ್ಮಲ್ಲಿ ಅಂಗಡಿ ನಡೆಸುವವರು ಹೆಚ್ಚು. ಲಾಭ ಜಾಸ್ತಿ ಎಂದು ಬಿಲ್ಲಿಲ್ಲದ, ಕಂಪೆನಿ ಹೆಸರಿಲ್ಲದ ಹೆಲ್ಮೆಟ್, ಚಾರ್ಜರ್ ತಂದು ಮಾರುವ ಮೊದಲು ಇದನ್ನು ನೆನಪಿಡಬೇಕು. 2021ರ ಜೂನ್ 1ರಿಂದ ಐಎಸ್‌ಐ ಮುದ್ರೆ ಇಲ್ಲದ ದ್ವಿಚಕ್ರ ಹೆಲ್ಮೆಟ್ ಮಾರುವುದೇ ಕಾನೂನುಬಾಹಿರ. ಖರೀದಿ ಬಿಲ್ ಜೋಪಾನವಾಗಿಟ್ಟರೆ ಮಾಲು ಎಲ್ಲಿಂದ ಬಂತೆಂದು ತೋರಿಸಬಹುದು.

ಪರಿಹಾರದ ಹಣದಿಂದ ಆಸ್ಪತ್ರೆ ಬಿಲ್ ಕಟ್ಟಬಹುದು, ಹೋದ ಜೀವ ಬರುವುದಿಲ್ಲ. ಹಾಗಾಗಿ ಮೊದಲು ಲೈಫ್ ಜಾಕೆಟ್ ಬಿಗಿಯಾಗಿ ಕಟ್ಟಿಕೊಳ್ಳಿ, ಮಕ್ಕಳಿಗೆ ಅವರ ಅಳತೆಯದ್ದನ್ನೇ ಕೇಳಿ ಹಾಕಿಸಿ. ಇಲ್ಲವೆಂದರೆ ದಡದಲ್ಲೇ ನಿಂತು ಜಲಪಾತ ನೋಡಿ ಬನ್ನಿ.