ಹಿಡಿದ ಕೈ ಬಿಟ್ಟಾಗ ನಿಲ್ಲುವ ಯಂತ್ರ

ಕಾರವಾರದಿಂದ ಅಂಕೋಲಾ ಕಡೆಗೆ ಹೆದ್ದಾರಿ 66ರಲ್ಲಿ ಹೊರಟು ಬಿಣಗಾ ದಾಟಿದರೆ ಅರ್ಗಾ. ಒಂದು ಮಗ್ಗುಲಿಗೆ ಗುಡ್ಡ, ಇನ್ನೊಂದು ಮಗ್ಗುಲಿಗೆ ಸೀಬರ್ಡ್ ನೌಕಾನೆಲೆ, ಅದರಾಚೆ ಸಮುದ್ರ. ಗುಡ್ಡದ ಮಗ್ಗುಲಲ್ಲಿ ನನ್ನ ಅಕ್ಕನ ಮನೆ. ಅಕ್ಕನ ಮಗಳು ಜಗುಲಿಯ ಕೋಣೆಯಲ್ಲಿ ಒಂದು ಡೆಸ್ಕ್‌ಟಾಪ್ ಇಟ್ಟುಕೊಂಡು ಊರವರಿಗೆ ಅರ್ಜಿ ತುಂಬಿಕೊಡುತ್ತಾಳೆ, ಪಹಣಿ ತೆಗೆದುಕೊಡುತ್ತಾಳೆ. ಮೇ ತಿಂಗಳ ಮೊದಲ ವಾರ ಅವಳ ಫೋನು ಬಂತು.

"ಮಾಮಾ, ಕಂಪ್ಯೂಟರು ತಾನಾಗೇ ಬಂದ್ ಬೀಳ್ತದೆ. ವಿಂಡೋಸ್ ಹೊಸದಾಗಿ ಹಾಕಿಸಿದೆ, ಎಸ್‌ಎಂಪಿಎಸ್ ಕೂಡ ಬದಲಿಸಿದೆ. ಆದ್ರೂ ಹಾಗೇ."

"ಯಾವಾಗ ಬೀಳ್ತದೆ?"

"ಯಾವಾಗ ಅಂದ್ರೆ... ಯಾವಾಗ ಬೇಕಾದ್ರೂ."

ಯಾವಾಗ ಬೇಕಾದರೂ ಕೆಡುವ ಯಂತ್ರ ಬಹಳ ಅಪರೂಪ. ಕೆಡುವುದಕ್ಕೂ ಅದಕ್ಕೊಂದು ಹೊತ್ತು, ಒಂದು ಸಂದರ್ಭ ಇರುತ್ತದೆ. ಒಂದು ವಾರ ಏನನ್ನೂ ಬದಲಿಸಬೇಡ, ಆಫ್ ಆದಾಗಲೆಲ್ಲ ಗಂಟೆ ಎಷ್ಟು, ಆಗ ಏನು ಮಾಡುತ್ತಿದ್ದೆ, ಮನೆಯ ಫ್ಯಾನು ಲೈಟು ಹೇಗಿತ್ತು ಎಂದು ಬರೆದಿಡು ಎಂದೆ. ಹುಡುಗಿ ಶ್ರದ್ಧೆಯವಳು, ಬರೆದಿಟ್ಟಳು. ವಾರ ಕಳೆದು ನಾನು ಹೋದಾಗ ಆ ಹಾಳೆಯೇ ಅರ್ಧ ರಿಪೇರಿ ಮಾಡಿ ಮುಗಿಸಿತ್ತು. ಏಳು ಸಲ ಆಫ್ ಆಗಿತ್ತು. ನಾಲ್ಕು ಸಲ ಮಧ್ಯಾಹ್ನ ಹನ್ನೆರಡರಿಂದ ಮೂರರ ಒಳಗೆ, ಫೋಟೊ ಸ್ಕ್ಯಾನ್ ಮಾಡುವಾಗ ಇಲ್ಲವೇ ವಿಡಿಯೊ ಓಡುವಾಗ. ಮೂರು ಸಲ ಸಂಜೆ ಏಳರ ಆಸುಪಾಸು. ಆ ಮೂರರ ಪಕ್ಕದಲ್ಲೂ ಒಂದೇ ಮಾತು: "ಟ್ಯೂಬ್‌ಲೈಟ್ ಮಿಣುಕಿತು."

ಒಂದೇ ಲಕ್ಷಣ, ಎರಡು ರೋಗ. ಅದಕ್ಕೇ ಎಸ್‌ಎಂಪಿಎಸ್ ಬದಲಿಸಿದರೂ ಗುಣವಾಗಿರಲಿಲ್ಲ.

ಇದನ್ನು ಬಿಡಿಸಿ ಹೇಳುವ ಮೊದಲು ಕಂಪ್ಯೂಟರು ಆಫ್ ಆಗುವುದೆಂದರೆ ಏನು ಎಂದು ನೋಡಬೇಕು. ಮನೆಯ ದೀಪದ ಸ್ವಿಚ್ಚು ಒತ್ತಿದರೆ ತಂತಿಯ ಸಂಪರ್ಕವೇ ಕಡಿದು ದೀಪ ಆರುತ್ತದೆ. ಕಂಪ್ಯೂಟರಿನ ಮುಂದಿನ ಬಟನ್ ಹಾಗಲ್ಲ. 1995ರಲ್ಲಿ ಇಂಟೆಲ್ ಹೊರತಂದ ಎಟಿಎಕ್ಸ್ ಎಂಬ ಮಾದರಿ ಬಂದ ಮೇಲೆ ಆ ಬಟನ್ ಬರೀ ಒಂದು ಸೂಚನೆ ಕೊಡುತ್ತದೆ, ಕರೆಂಟು ಅದರ ಮೂಲಕ ಹಾಯುವುದೇ ಇಲ್ಲ. ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಸಣ್ಣ ವೋಲ್ಟೇಜಿಗೆ ಇಳಿಸಿಕೊಡುವ ಡಬ್ಬಿಯೇ ಎಸ್‌ಎಂಪಿಎಸ್. ಅದರಿಂದ ಮುಖ್ಯ ಫಲಕವಾದ ಮದರ್‌ಬೋರ್ಡಿಗೆ ಹೋಗುವ ದಪ್ಪ ತಂತಿಗಳ ಕಟ್ಟಿನಲ್ಲಿ ಸಾಮಾನ್ಯವಾಗಿ ಒಂದೇ ಒಂದು ಹಸಿರು ತಂತಿ ಇರುತ್ತದೆ. ಮದರ್‌ಬೋರ್ಡು ಆ ತಂತಿಯನ್ನು ಸೊನ್ನೆ ವೋಲ್ಟಿಗೆ ಎಳೆದು ಹಿಡಿದಿರುವಷ್ಟು ಹೊತ್ತು ಎಸ್‌ಎಂಪಿಎಸ್ 12, 5, 3.3 ವೋಲ್ಟುಗಳನ್ನು ಕೊಡುತ್ತಿರುತ್ತದೆ. ಬೋರ್ಡು ಹಿಡಿತ ಬಿಟ್ಟ ಕ್ಷಣ ಈ ಮೂರೂ ನಿಲ್ಲುತ್ತವೆ. ಅಂದರೆ ಓಡುತ್ತಿರಬೇಕಾದರೆ ಯಾರೋ ಸತತವಾಗಿ ಹಿಡಿದಿರಬೇಕು, ನಿಲ್ಲುವುದಕ್ಕೆ ಕೈ ಬಿಟ್ಟರೆ ಸಾಕು.

ಇದೇ ಉಪಾಯ ನಮ್ಮದೇ ತಾಲ್ಲೂಕಿನ ಕೈಗಾ ಅಣು ವಿದ್ಯುತ್ ಕೇಂದ್ರದಲ್ಲೂ ಇದೆ. ಅಣು ರಿಯಾಕ್ಟರನ್ನು ನಿಲ್ಲಿಸುವ ಸರಳುಗಳನ್ನು ಅಲ್ಲಿ ವಿದ್ಯುತ್ಕಾಂತದ ಕ್ಲಚ್ಚುಗಳು ಮೇಲೆ ಎತ್ತಿ ಹಿಡಿದಿರುತ್ತವೆ. ಎಲ್ಲಾದರೂ ತೊಂದರೆ ಕಂಡು ಆ ಕ್ಲಚ್ಚಿಗೆ ಕರೆಂಟು ತಪ್ಪಿದರೆ ಸರಳುಗಳು ತಮ್ಮ ಭಾರಕ್ಕೆ ತಾವೇ ಒಳಗಿಳಿದು ರಿಯಾಕ್ಟರು ಆರುತ್ತದೆ. ಕೈಗಾದ 1ನೇ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ಓಡಿ ಆಗಿನ ಮಟ್ಟಿಗೆ ವಿಶ್ವದಾಖಲೆ ಬರೆದದ್ದು ಇಲ್ಲಿನವರಿಗೆಲ್ಲ ಗೊತ್ತು. ಯಾವ ಕ್ಷಣದಲ್ಲೂ ನಿಲ್ಲಲು ಸಿದ್ಧವಿದ್ದ ಯಂತ್ರವೇ ಅಷ್ಟು ದಿನ ನಿಲ್ಲದೆ ಓಡಿತು. ಅದಕ್ಕೇ ನನಗೆ ತಾನಾಗಿ ಆಫ್ ಆಗುವ ಕಂಪ್ಯೂಟರಿನ ಮೇಲೆ ಸಿಟ್ಟು ಬರುವುದಿಲ್ಲ. ಬಹುಪಾಲು ಸಲ ಅದು ತನ್ನನ್ನು ತಾನು ಉಳಿಸಿಕೊಳ್ಳುತ್ತಿರುತ್ತದೆ. ಯಾತರಿಂದ ಉಳಿಸಿಕೊಳ್ಳುತ್ತಿದೆ ಎಂದು ನಾವು ಹುಡುಕಬೇಕು.

ಮಧ್ಯಾಹ್ನದ ನಾಲ್ಕು ಸಲದ ಮೇಲೆ ನನಗೆ ಬಿಸಿಯ ಅನುಮಾನ. ರಿಪೇರಿ ಅಂಗಡಿಯವರು ಬೆಸುಗೆ ಹಾಕುವ ಕಡ್ಡಿ ಸಾಮಾನ್ಯವಾಗಿ 25 ವ್ಯಾಟಿನದು, ಅದರ ತುದಿಗೆ ಸೀಸ ಕರಗಿ ನೀರಾಗುತ್ತದೆ. ಮನೆಯ ಡೆಸ್ಕ್‌ಟಾಪಿನ ಪ್ರೊಸೆಸರು ಕೆಲಸದ ಭರದಲ್ಲಿ 65 ವ್ಯಾಟು ತಿನ್ನುತ್ತದೆ, ಅಷ್ಟೂ ಹೆಬ್ಬೆರಳಿನ ಉಗುರಿನಷ್ಟು ಸಿಲಿಕಾನ್ ಚೂರಿನಲ್ಲಿ ಬಿಸಿಯಾಗಿ ಹೊಮ್ಮುತ್ತದೆ. ಆ ಬಿಸಿಯನ್ನು ಮೇಲೆ ಕೂತ ಅಲ್ಯೂಮಿನಿಯಂ ಹೀಟ್‌ಸಿಂಕ್ ಹೀರಿ, ಫ್ಯಾನು ಊದಿ ಓಡಿಸಬೇಕು. ಓಡಿಸದಿದ್ದರೆ ಏನಾಗುತ್ತದೆ ಎಂಬುದನ್ನು 2001ರಲ್ಲಿ ಟಾಮ್ಸ್ ಹಾರ್ಡ್‌ವೇರ್ ಎಂಬ ಜಾಲತಾಣದವರು ಓಡುತ್ತಿರುವ ಕಂಪ್ಯೂಟರಿನ ಹೀಟ್‌ಸಿಂಕನ್ನೇ ಕಿತ್ತು ತೋರಿಸಿದ್ದರು. ಪೆಂಟಿಯಂ 4 ಪ್ರೊಸೆಸರು ತನ್ನ ವೇಗ ಇಳಿಸಿಕೊಂಡು ಓಡುತ್ತಲೇ ಇತ್ತು. ಆಗಿನ ಎಎಂಡಿ ಅಥ್ಲಾನ್ ಕ್ಷಣದಲ್ಲೇ ಹೊಗೆ ಕಾರಿ ಸುಟ್ಟುಹೋಯಿತು. ಈಗಿನ ಎಲ್ಲ ಪ್ರೊಸೆಸರುಗಳಲ್ಲೂ ಒಳಗೇ ಉಷ್ಣಮಾಪಕಗಳಿವೆ. ಸುಮಾರು 100 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಹೊತ್ತಿಗೆ ವೇಗ ತಗ್ಗಿಸುತ್ತವೆ, ಅದಕ್ಕೂ ಬಗ್ಗದೆ ಬಿಸಿ ಏರಿದರೆ ಮದರ್‌ಬೋರ್ಡಿಗೆ ಕೊನೆಯ ಸಂಕೇತ ಕೊಡುತ್ತವೆ. ಬೋರ್ಡು ಹಸಿರು ತಂತಿಯ ಹಿಡಿತ ಬಿಡುತ್ತದೆ. ಪರದೆಯ ಮೇಲೆ ಒಂದಕ್ಷರದ ಸೂಚನೆಯೂ ಇಲ್ಲ, ಸೂಚನೆ ಬರೆಯುವಷ್ಟು ಪುರುಸೊತ್ತು ಆಗ ಇರುವುದಿಲ್ಲ.

ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದೆವು. ಹಿಂದಿನ ತೂತುಗಳಲ್ಲಿ ಎರಡನ್ನು ಕಣಜದ ಹುಳ ಮಣ್ಣು ಮೆತ್ತಿ ಮುಚ್ಚಿತ್ತು. ಹೀಟ್‌ಸಿಂಕಿನ ರೆಕ್ಕೆಗಳ ಸಂದಿಯಲ್ಲಿ ಧೂಳು ಹುಡಿಯಾಗಿರಲಿಲ್ಲ. ಹಳೇ ಕಂಬಳಿಯ ತುಂಡಿನಂತೆ ಗಟ್ಟಿಯಾಗಿ ಕೂತಿತ್ತು, ಕಡ್ಡಿಯಿಂದ ಎಬ್ಬಿಸಿದರೆ ಇಡಿಯಾಗಿ ಎದ್ದು ಬಂತು, ಮುಟ್ಟಿದರೆ ತಣ್ಣಗೆ, ಜಿಗುಟಾಗಿ.

ಈ ಜಿಗುಟು ನಮ್ಮ ಕರಾವಳಿಯದೇ. ಗಾಳಿಯ ಸಾಪೇಕ್ಷ ತೇವಾಂಶ ಸುಮಾರು ಶೇಕಡ 75 ದಾಟಿದರೆ ಅಡುಗೆಯ ಉಪ್ಪು ಗಾಳಿಯಿಂದ ನೀರು ಹೀರಿ ತಾನೇ ಕರಗಲು ತೊಡಗುತ್ತದೆ. ಸಾಣಿಕಟ್ಟಾ ಉಪ್ಪನ್ನು ಆಷಾಢದಲ್ಲಿ ಭರಣಿಯಿಂದ ತೆಗೆದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಭರಣಿಯ ತಳದಲ್ಲಿ ನೀರು ನಿಂತಿರುತ್ತದೆ. ಸಮುದ್ರದ ಉಪ್ಪಿನಲ್ಲಿ ಬೆರೆತಿರುವ ಮೆಗ್ನೀಸಿಯಂ ಕ್ಲೋರೈಡು ಇನ್ನೂ ಒಣ ಗಾಳಿಯಲ್ಲೂ ನೀರು ಹೀರುತ್ತದೆ. ಅಲೆ ಒಡೆದಾಗ ಗಾಳಿಗೇರುವ ಸಣ್ಣ ಹನಿಗಳು ಒಣಗಿ ಉಪ್ಪಿನ ಕಣಗಳಾಗಿ ಮನೆಯೊಳಗೆ ಬರುತ್ತವೆ, ಫ್ಯಾನು ಅವನ್ನು ದಿನವಿಡೀ ಎಳೆದುಕೊಳ್ಳುತ್ತದೆ. ಹುಬ್ಬಳ್ಳಿಯ ಕಂಪ್ಯೂಟರಿನ ಧೂಳನ್ನು ಊದಿದರೆ ಹಾರುತ್ತದೆ, ಅರ್ಗಾದ ಧೂಳು ಅಂಟಿ ಕೂರುತ್ತದೆ. ಅದರ ಮೇಲೆ ಒದ್ದೆ ಉಪ್ಪು ವಿದ್ಯುತ್ತನ್ನೂ ಸಣ್ಣಗೆ ಹರಿಸುತ್ತದೆ, ತಾಮ್ರವನ್ನು ಹಸಿರುಗಟ್ಟಿಸುತ್ತದೆ. ಒಳನಾಡಿನಲ್ಲಿ ವರ್ಷಕ್ಕೊಮ್ಮೆ ಮಾಡುವ ಸ್ವಚ್ಛತೆಯನ್ನು ಇಲ್ಲಿ ಎರಡು ಸಲ ಮಾಡಬೇಕು: ಮಳೆಗೆ ಮುಂಚೆ ಒಮ್ಮೆ, ದೀಪಾವಳಿ ಹೊತ್ತಿಗೆ ಒಮ್ಮೆ.

ಬಣ್ಣ ಹಚ್ಚುವ ಒಂದಿಂಚಿನ ಒಣ ಬ್ರಶ್ಶು ಸಾಕು. ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಒತ್ತಿ ಹಿಡಿದು, ಅದು ತಿರುಗದಂತೆ ನೋಡಿಕೊಂಡು ಉಜ್ಜಬೇಕು. ಒದ್ದೆ ಬಟ್ಟೆ ಬೇಡವೇ ಬೇಡ. ಹೀಟ್‌ಸಿಂಕ್ ಬಿಚ್ಚಿ ನೋಡಿದರೆ ಪ್ರೊಸೆಸರಿನ ಮೇಲಿನ ಪೇಸ್ಟು ಒಣಗಿ ಸುಣ್ಣದ ಹಕ್ಕಳೆಯಂತೆ ಉದುರುತ್ತಿತ್ತು. ಎರಡು ಲೋಹದ ಮುಖಗಳ ನಡುವಿನ, ಕಣ್ಣಿಗೆ ಕಾಣದ ಗಾಳಿಯ ಪೊಳ್ಳುಗಳನ್ನು ತುಂಬುವುದು ಅದರ ಕೆಲಸ. ಒಣಗಿತೆಂದರೆ ಬಿಸಿ ಸರಿಯಾಗಿ ದಾಟುವುದಿಲ್ಲ. ಹಳೆಯದನ್ನು ಒರೆಸಿ ಹೆಸರುಕಾಳಿನಷ್ಟು ಹೊಸ ಪೇಸ್ಟು ಇಟ್ಟು ಕೂರಿಸಿದೆವು. ಮೊದಲು, ವಿಂಡೋಸ್ ಶುರುವಾಗುವ ಮುಂಚಿನ ಬಯೋಸ್ ಪರದೆಯಲ್ಲಿ ಸುಮ್ಮನೆ ಇದ್ದಾಗಲೇ 84 ಡಿಗ್ರಿ ತೋರಿಸುತ್ತಿದ್ದುದು 47ಕ್ಕೆ ಇಳಿಯಿತು. ಮಧ್ಯಾಹ್ನದ ರೋಗ ಅಲ್ಲಿಗೆ ಹೋಯಿತು.

ಸಂಜೆಯದು ಉಳಿಯಿತು. ಕಂಪ್ಯೂಟರಿಗೆ ಯುಪಿಎಸ್ ಇತ್ತು, ಅದರ ಹಸಿರು ದೀಪವೂ ಉರಿಯುತ್ತಿತ್ತು, ಹಾಗಾಗಿ ಅದರ ಮೇಲೆ ಯಾರಿಗೂ ಅನುಮಾನ ಬಂದಿರಲಿಲ್ಲ. ನಮ್ಮ ಕರೆಂಟಿನ ಒಂದು ಅಲೆಯ ಅವಧಿ 20 ಮಿಲಿಸೆಕೆಂಡು. ಒಳ್ಳೆಯ ಎಸ್‌ಎಂಪಿಎಸ್ ಪೂರ್ತಿ ಹೊರೆಯಲ್ಲೂ, ಕರೆಂಟು ತಪ್ಪಿದ ಮೇಲೆ ಸುಮಾರು 16 ಮಿಲಿಸೆಕೆಂಡು ತನ್ನ ಕೆಪಾಸಿಟರಿನಲ್ಲಿ ಕೂಡಿಟ್ಟ ವಿದ್ಯುತ್ತಿನಿಂದ ಎಳೆಯಬಲ್ಲದು, ಹೊರೆ ಕಡಿಮೆಯಿದ್ದರೆ ಇನ್ನಷ್ಟು. ಸಂಜೆ ಏಳಕ್ಕೆ ನೆರೆಮನೆಗಳ ಪಂಪುಗಳು ಚಾಲೂ ಆದಾಗ ವೋಲ್ಟೇಜು ಕ್ಷಣಮಾತ್ರ ಕುಸಿಯುತ್ತದೆ, ಟ್ಯೂಬ್‌ಲೈಟು ಮಿಣುಕುತ್ತದೆ. ಅಷ್ಟು ಸಣ್ಣ ಕುಸಿತವನ್ನು ಎಸ್‌ಎಂಪಿಎಸ್ ಒಂದೇ ಇದ್ದರೆ ದಾಟಿಬಿಡುತ್ತಿತ್ತು. ಆದರೆ ಯುಪಿಎಸ್ ಕುಸಿತ ಕಂಡ ಕೂಡಲೇ ಹೊರೆಯನ್ನು ಬ್ಯಾಟರಿಗೆ ವರ್ಗಾಯಿಸುತ್ತದೆ. ಬ್ಯಾಟರಿ ಸತ್ತಿದ್ದರೆ? ಕಾಪಾಡಲು ಇಟ್ಟ ಪೆಟ್ಟಿಗೆಯೇ ಕಂಪ್ಯೂಟರನ್ನು ಕೆಡವುತ್ತದೆ. ಸತ್ತ ಬ್ಯಾಟರಿಯ ಯುಪಿಎಸ್ ಇರುವುದಕ್ಕಿಂತ ಇಲ್ಲದಿರುವುದು ಮೇಲು, ಇದನ್ನು ನಾನು ಖಚಿತವಾಗಿ ಹೇಳಬಲ್ಲೆ.

ಪರೀಕ್ಷೆ ಸುಲಭ. ಕಂಪ್ಯೂಟರನ್ನು ಬಿಡಿಸಿ, ಯುಪಿಎಸ್‌ಗೆ ಹಳೇ ಕಾಲದ 60 ವ್ಯಾಟಿನ ತಂತಿಬಲ್ಬು ಹಾಕಿ, ಗೋಡೆಯ ಸ್ವಿಚ್ಚು ಆರಿಸಿದೆವು. ಬಲ್ಬು ಒಮ್ಮೆ ಕೆಂಪಗಾಗಿ ಆರಿತು. ಒಳಗಿನ 12 ವೋಲ್ಟು, 7 ಆಂಪಿಯರ್ ಅವರ್ ಬ್ಯಾಟರಿಯ ಹೊಟ್ಟೆ ಉಬ್ಬಿತ್ತು. ಇಂಥ ಬ್ಯಾಟರಿ ಎರಡು ಮೂರು ವರ್ಷ ಬಾಳುತ್ತದೆ. ಸುತ್ತಲಿನ ಬಿಸಿ ಹತ್ತು ಡಿಗ್ರಿ ಏರಿದರೆ ಅದರ ಆಯುಷ್ಯ ಅರ್ಧಕ್ಕಿಳಿಯುತ್ತದೆಂಬುದು ಬ್ಯಾಟರಿ ಕಸುಬಿನವರ ಲೆಕ್ಕ. ಕಿಟಕಿಯ ಬಿಸಿಲು ನೇರ ಯುಪಿಎಸ್ ಮೇಲೇ ಬೀಳುತ್ತಿತ್ತು. ಬ್ಯಾಟರಿ ಬದಲಿಸಿ, ಜಾಗವನ್ನೂ ಬದಲಿಸಿದೆವು.

ಎಲ್ಲರ ಮನೆಯ ಕಾರಣವೂ ಇವೆರಡೇ ಆಗಿರಬೇಕೆಂದಿಲ್ಲ. ಕೆಲವು ಕಂಪ್ಯೂಟರುಗಳು ಆರುವುದಿಲ್ಲ, ತಾವಾಗಿ ಮತ್ತೆ ಶುರುವಾಗುತ್ತವೆ ಇಲ್ಲವೇ ನೀಲಿ ಪರದೆ ತೋರಿಸುತ್ತವೆ. ಅಲ್ಲಿ ರ‍್ಯಾಮ್ ಅಥವಾ ಡ್ರೈವರ್ ತಂತ್ರಾಂಶದ ಮೇಲೆ ಮೊದಲು ಕಣ್ಣಿಡಬೇಕು. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ "ಕರ್ನಲ್ ಪವರ್ 41" ಎಂಬ ದಾಖಲೆ ಕಂಡು ಹಲವರು ಗಾಬರಿಯಾಗುತ್ತಾರೆ. ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗಿರಲಿಲ್ಲ ಎಂದಷ್ಟೇ ಅದರ ಅರ್ಥ. ಮುಂದಿನ ಬಟನ್ನನ್ನು ನಾಲ್ಕು ಸೆಕೆಂಡು ಒತ್ತಿ ಹಿಡಿದರೆ ಕಂಪ್ಯೂಟರು ಬಲವಂತವಾಗಿ ಆರುತ್ತದೆಯಲ್ಲ, ತುಕ್ಕು ಹಿಡಿದ ಬಟನ್ ಒಳಗೇ ಸಿಕ್ಕಿಕೊಂಡರೂ ಅದೇ ಆಗುತ್ತದೆ. ಹಳೇ ಮದರ್‌ಬೋರ್ಡುಗಳಲ್ಲಿ ಪ್ರೊಸೆಸರಿನ ಪಕ್ಕ ನಿಂತ ಕೆಪಾಸಿಟರುಗಳ ತಲೆ ಚಪ್ಪಟೆಯಿರಬೇಕು, ಉಬ್ಬಿದ್ದರೆ ಅಥವಾ ಕಂದು ರಸ ಸೋರಿದ್ದರೆ ಬೋರ್ಡಿನ ಕಾಲ ಮುಗಿಯುತ್ತ ಬಂದಿದೆ.

ಆರುವುದಕ್ಕೆ ಸಂಬಂಧವಿಲ್ಲದಿದ್ದರೂ ಪೆಟ್ಟಿಗೆಗೆ ಕೈ ಹಾಕುವವರು ತಿಳಿದಿರಬೇಕಾದ ಇನ್ನೊಂದು ಮಾತು: ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ಮೆನ್ನುವ ದೂರು ನಮ್ಮ ಕಡೆ ಬಹಳ. ಎಸ್‌ಎಂಪಿಎಸ್‌ಗೆ ಕರೆಂಟು ಒಳಬರುವಲ್ಲಿ ಎರಡೂ ಕರೆಂಟಿನ ತಂತಿಗಳಿಂದ ಅರ್ಥಿಂಗಿಗೆ ಜೋಡಿಸಿದ ಪುಟ್ಟ ಕೆಪಾಸಿಟರುಗಳಿರುತ್ತವೆ. ಅರ್ಥಿಂಗ್ ಇಲ್ಲದಿದ್ದರೆ ಲೋಹದ ಮೈ 230ರ ಅರ್ಧದಷ್ಟು, ಅಂದರೆ 115 ವೋಲ್ಟಿನ ಆಸುಪಾಸಿಗೆ ತೇಲುತ್ತದೆ. ಹರಿಯುವ ಕರೆಂಟು ಬಹಳ ಸಣ್ಣದು, ಆದರೆ ಅರ್ಥಿಂಗ್ ಸತ್ತಿದೆ ಎಂಬ ಸುದ್ದಿ ಸಣ್ಣದಲ್ಲ. ಕೆಂಪುಕಲ್ಲಿನ ನೆಲ ಏಪ್ರಿಲ್, ಮೇ ತಿಂಗಳಲ್ಲಿ ಒಣಗಿದಾಗ ಇದು ಹೆಚ್ಚು. ಇದನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಶಿಯನ್ನರಿಂದಲೇ ಸರಿಪಡಿಸಿಕೊಳ್ಳಿ. ಎಸ್‌ಎಂಪಿಎಸ್ ಡಬ್ಬಿಯನ್ನಂತೂ ಮನೆಯಲ್ಲಿ ಯಾರೂ ಬಿಚ್ಚಕೂಡದು. ಅದರ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟು, ಕೆಲವದರಲ್ಲಿ ಇನ್ನೂ ಹೆಚ್ಚು ಕೂಡಿರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಇರುತ್ತದೆ.

ನಿಮ್ಮ ಕಂಪ್ಯೂಟರು ಹೀಗೆ ತಾನಾಗಿ ಆರುತ್ತಿದ್ದರೆ ಇವತ್ತೇ ಮುಖ್ಯವಾದ ಫೈಲುಗಳನ್ನು ಪೆನ್‌ಡ್ರೈವಿಗೆ ಹಾಕಿಟ್ಟುಕೊಳ್ಳಿ, ಪ್ರತಿ ಸಲ ಹಠಾತ್ತನೆ ಆರಿದಾಗಲೂ ಡಿಸ್ಕಿನಲ್ಲಿ ಬರೆಯುತ್ತಿದ್ದುದು ಕೆಡುವ ಭಯವಿದೆ. ಆಮೇಲೆ ಒಂದು ವಾರ ಹೊತ್ತು, ಕೆಲಸ, ದೀಪದ ಸ್ಥಿತಿ ಬರೆದಿಡಿ. ಅಂಗಡಿಗೆ ಒಯ್ಯುವಾಗ ಕಂಪ್ಯೂಟರಿನ ಜೊತೆ ಆ ಹಾಳೆಯನ್ನೂ ಕೊಡಿ, ಯಾವ ಭಾಗ ಬದಲಿಸಿದರು, ಏಕೆ ಬದಲಿಸಿದರು ಎಂದು ಕೇಳಿ, ತೆಗೆದ ಹಳೇ ಭಾಗವನ್ನು ಮನೆಗೆ ತನ್ನಿ. ಅಕ್ಕನ ಮಗಳ ಹಳೇ ಎಸ್‌ಎಂಪಿಎಸ್ ಸರಿಯಾಗಿಯೇ ಇತ್ತು.