ಹೊರನಾಡಿನ ಬಾಳಿಗೆ ಹುರುಳು: ಮದರಾಸಿನ ಕನ್ನಡಿಗರ ನಿದರ್ಶನ

ಹುಟ್ಟಿದ ನೆಲದಲ್ಲಿಯೇ ಬಾಳುವವನಿಗೆ ಬಾಳಿನ ಉದ್ದೇಶವೇನೆಂಬ ಪ್ರಶ್ನೆ ಸಾಮಾನ್ಯವಾಗಿ ಏಳುವುದಿಲ್ಲ. ಮನೆತನ, ಕೇರಿ, ದೇವಸ್ಥಾನ, ಜಾತ್ರೆ, ಮದುವೆ ಮುಂಜಿ, ಹೊಲಗದ್ದೆಗಳ ವ್ಯವಹಾರ ಇವೆಲ್ಲ ಸೇರಿ ಅವನ ಕರ್ತವ್ಯಗಳನ್ನು ಅವನು ಕೇಳುವ ಮುನ್ನವೇ ಗೊತ್ತುಮಾಡಿಟ್ಟಿರುತ್ತವೆ. ಉದ್ಯೋಗವನ್ನರಸಿ ಹೊರನಾಡಿಗೆ ಹೋದವನ ಸ್ಥಿತಿ ಹಾಗಲ್ಲ. ಅಲ್ಲಿ ಅವನಿಗೆ ಸಂಬಳವುಂಟು, ಮನೆಯುಂಟು, ನೆರೆಹೊರೆಯವರ ಸೌಜನ್ಯವೂ ಉಂಟು. ಆದರೆ ಅವನಿಲ್ಲವೆಂದು ಆ ಊರಿನ ಯಾವ ಕಾರ್ಯವೂ ನಿಲ್ಲುವುದಿಲ್ಲ. ಅವನನ್ನು ಅಲ್ಲಿಗೆ ಕರೆತಂದುದು ಹೊಟ್ಟೆಪಾಡು. ಬಂದುದಕ್ಕೆ ಸಾಕಾದ ಈ ಕಾರಣ ಇರುವುದಕ್ಕೂ ಸಾಕೆನ್ನಿಸುವುದು ಕೆಲವು ವರ್ಷಗಳ ಮಟ್ಟಿಗೆ ಮಾತ್ರ. ಮಕ್ಕಳು ಬೆಳೆದು, ನಿವೃತ್ತಿ ಸಮೀಪಿಸಿದಾಗ, ಇಷ್ಟು ಕಾಲ ಇಲ್ಲಿದ್ದುದರ ಹುರುಳೇನು ಎಂಬ ಪ್ರಶ್ನೆ ತಾನಾಗಿ ತಲೆಯೆತ್ತುತ್ತದೆ.

ಈ ಪ್ರಶ್ನೆಯನ್ನು ಪರಿಶೀಲಿಸಲು ಮದರಾಸಿನಷ್ಟು, ಎಂದರೆ 1996ರಿಂದ ಚೆನ್ನೈ ಎಂದು ಕರೆಯಲ್ಪಡುತ್ತಿರುವ ನಗರದಷ್ಟು, ಉಚಿತವಾದ ಸ್ಥಳ ಬೇರೊಂದು ದೊರೆಯುವುದು ಕಷ್ಟ. ದೆಹಲಿಗೆ ಹೋದ ಕನ್ನಡಿಗರು ತಾವಾಗಿ ಎಲ್ಲೆ ದಾಟಿ ಹೋದವರು. ಮದರಾಸಿನ ಕನ್ನಡಿಗರಲ್ಲಿ ಅನೇಕರ ವಿಷಯದಲ್ಲಿ ನಡೆದುದು ಬೇರೆ. ಅವರು ಇದ್ದಲ್ಲಿಯೇ ಇದ್ದರು. ಎಲ್ಲೆಯೇ ಅವರನ್ನು ದಾಟಿ ಹೋಯಿತು.

1799ರಲ್ಲಿ ಟಿಪ್ಪುವಿನ ಪತನಾನಂತರ ಕನ್ನಡ ಜಿಲ್ಲೆಯೂ, 1800ರಲ್ಲಿ ನಿಜಾಮನಿಂದ ಬಳ್ಳಾರಿ ಸೀಮೆಯೂ ಇಂಗ್ಲಿಷರ ವಶವಾಗಿ ಮದರಾಸು ಆಧಿಪತ್ಯಕ್ಕೆ ಸೇರಿದುವು. ಅಂದಿನಿಂದ ಒಂದೂವರೆ ಶತಮಾನ ಕಾಲ ಮಂಗಳೂರು, ಉಡುಪಿ, ಬಳ್ಳಾರಿ, ಕೊಳ್ಳೇಗಾಲಗಳ ಕನ್ನಡಿಗರಿಗೆ ಮದರಾಸು ಪರಸ್ಥಳವಾಗಿರಲಿಲ್ಲ, ತಮ್ಮದೇ ರಾಜಧಾನಿಯಾಗಿದ್ದಿತು. ಮೈಸೂರು ಸೀಮೆಯವರಿಗೂ ಅದು ವಿದ್ಯೆಯ ರಾಜಧಾನಿಯೇ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪಿತವಾಗುವವರೆಗೆ ಆ ಸಂಸ್ಥಾನದ ಕಾಲೇಜುಗಳು ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದುವು. ಬಿ. ಎಂ. ಶ್ರೀಕಂಠಯ್ಯನವರೂ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರೂ ಎಂ.ಎ. ಪದವಿಯನ್ನು ಪಡೆದುದು ಇಲ್ಲಿಂದ. ಇಲ್ಲಿಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೂಗರ್ಭಶಾಸ್ತ್ರವನ್ನು ಓದಿದ ಟಿ. ಪಿ. ಕೈಲಾಸಂ ಅವರು 1945ರಲ್ಲಿ ಇದೇ ನಗರದಲ್ಲಿ ಕೂಡಿದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. 1949ರಲ್ಲಿ ಮಂಜೇಶ್ವರದ ಗೋವಿಂದ ಪೈಗಳಿಗೆ ರಾಷ್ಟ್ರಕವಿ ಎಂಬ ಬಿರುದನ್ನಿತ್ತುದು ಮದರಾಸು ಸರ್ಕಾರ.

ಆಮೇಲೆ ಏಳೇ ವರ್ಷಗಳಲ್ಲಿ ಈ ಚಿತ್ರವೆಲ್ಲ ಬದಲಾಯಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯದ ಹುಟ್ಟಿನೊಡನೆ ಬಳ್ಳಾರಿ ಮೈಸೂರಿಗೆ ಸೇರಿತು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡವೂ ಕೊಳ್ಳೇಗಾಲವೂ ಮೈಸೂರಿಗೆ ಸೇರಿದುವು. ಕಾಸರಗೋಡು ಕೇರಳದ ಪಾಲಾಯಿತು. ಕನ್ನಡಿಗರು ಬಹುಕಾಲ ಹಾರೈಸಿದ್ದ ಏಕೀಕರಣ ಅದು. ಸಂತೋಷದ ದಿನವೇ ಸರಿ. ಆದರೆ ಅಂದು ಮೈಲಾಪುರದಲ್ಲೋ ತಿರುವಲ್ಲಿಕ್ಕೇಣಿಯಲ್ಲೋ ಬೆಳಗ್ಗೆ ಎದ್ದ ಕನ್ನಡಿಗನು, ಹಿಂದಿನ ಸಂಜೆಯವರೆಗೆ ತನ್ನ ರಾಜಧಾನಿಯಾಗಿದ್ದ ನಗರದಲ್ಲಿ ಹೊರನಾಡಿಗನಾಗಿದ್ದನು. ತನ್ನ ನಾಡು ಒಂದಾದ ದಿನವೇ ತಾನು ಅದರ ಹೊರಗುಳಿದೆನೆಂಬ ಈ ವಿಚಿತ್ರ ಅನುಭವದಿಂದ ಹುಟ್ಟಿದ ಪ್ರಶ್ನೆಗೆ ಮದರಾಸಿನ ಕನ್ನಡಿಗರು ಕೊಟ್ಟ ಉತ್ತರಗಳು ಒಂದೇ ಬಗೆಯವಲ್ಲ.

ಮೊದಲನೆಯದು ವ್ಯವಹಾರದ ಉತ್ತರ. ತುಳುನಾಡಿನ ಹಳ್ಳಿಯಿಂದ ಬಂದು, ಅಡಿಗೆಮನೆಯ ದುಡಿಮೆಯಿಂದ ಮೇಲೆದ್ದ ಕೆ. ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಹೋಟಲನ್ನು ತೆರೆದರು. ಉಡುಪಿಯ ಅಡಿಗೆ ಮದರಾಸಿನ ನಿತ್ಯಜೀವನದ ಅಂಗವಾಗಿ ಬಿಟ್ಟಿತು. 1962ರಲ್ಲಿ ಕೃಷಿ ತೋಟಗಾರಿಕೆ ಸಂಘದ ಮರಗಳ ನೆರಳಿನಲ್ಲಿ ಪ್ರಾರಂಭವಾದ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಬರಹಗಾರರಿಗೂ ಕಲಾವಿದರಿಗೂ ಕೂಡುದಾಣವಾಯಿತು. ಗಾಯಕ ಪಿ. ಬಿ. ಶ್ರೀನಿವಾಸರು ಅಲ್ಲಿಯ ನಿತ್ಯದ ಅತಿಥಿ. ಕಾಕಿನಾಡದಲ್ಲಿ ಹುಟ್ಟಿದ ಅವರು ಮದರಾಸಿನಲ್ಲಿ ನೆಲಸಿ, ಕನ್ನಡದ ಹಾಡುಗಳಿಗೆ ಕಂಠವಿತ್ತು, ಕನ್ನಡದಲ್ಲಿ ಕವಿತೆಯನ್ನೂ ಬರೆದರು. 2008ರಲ್ಲಿ ಆ ಹೋಟಲು ಮುಚ್ಚಿತು. 2013ರಲ್ಲಿ ಶ್ರೀನಿವಾಸರೂ ತೀರಿಕೊಂಡರು.

ಎರಡನೆಯದು ಚಿತ್ರರಂಗ ಮತ್ತು ಮುದ್ರಣಗಳ ಉತ್ತರ. ರಾಜಕುಮಾರರು ನಾಯಕರಾಗಿ ಕಾಣಿಸಿಕೊಂಡ 1954ರ ‘ಬೇಡರ ಕಣ್ಣಪ್ಪ’ನ ಕಾಲದಲ್ಲಿ ಕನ್ನಡ ಚಲನಚಿತ್ರದ ಕಾರ್ಯಾಗಾರವೆಂದರೆ ಮದರಾಸೇ. 1947ರಲ್ಲಿ ತೆಲುಗು ತಮಿಳುಗಳಲ್ಲಿ ಹೊರಟ ‘ಚಂದಮಾಮ’ 1949ರಿಂದ ಕನ್ನಡದಲ್ಲಿಯೂ ಇಲ್ಲಿಂದಲೇ ಹೊರಟಿತು. ಹಾಸನ, ಧಾರವಾಡಗಳ ಮಕ್ಕಳು ಓದಿದ ಕಥೆಗಳು ವಡಪಳನಿಯಲ್ಲಿ ಅಚ್ಚಾಗಿ ಬಂದುವು. ಇವು ಸಣ್ಣ ಕಾರ್ಯಗಳಲ್ಲ. ಆದರೆ ಚಿತ್ರೋದ್ಯಮ ಮದರಾಸಿನಲ್ಲಿದ್ದುದು ಇಲ್ಲಿಯ ಸ್ಟುಡಿಯೋಗಳ ಸೌಕರ್ಯಕ್ಕಾಗಿ. ಬೆಂಗಳೂರಿನಲ್ಲಿ ಆ ಸೌಕರ್ಯ ಬೆಳೆದೊಡನೆ ಅದು ಅಲ್ಲಿಗೆ ತೆರಳಿತು. ಸೌಕರ್ಯವನ್ನು ನೆಚ್ಚಿ ಬಂದುದು ಸೌಕರ್ಯವನ್ನು ಹಿಂಬಾಲಿಸಿ ಹೋಗುವುದು ಸಹಜ.

ಮೂರನೆಯದು ವಿದ್ವತ್ತಿನ ಉತ್ತರ. ಮದರಾಸು ವಿಶ್ವವಿದ್ಯಾನಿಲಯದ ಕನ್ನಡ ವಿಭಾಗದಲ್ಲಿ ಎ. ವೆಂಕಟರಾವ್ ಅವರೂ ಪಂಡಿತ ಎಚ್. ಶೇಷ ಅಯ್ಯಂಗಾರ್ಯರೂ ಸೇರಿ 1930ರಲ್ಲಿ ‘ಕವಿರಾಜಮಾರ್ಗ’ವನ್ನು ಪರಿಷ್ಕರಿಸಿ ಪ್ರಕಟಿಸಿದರು. ಕಾವೇರಿ ಗೋದಾವರಿಗಳ ನಡುವಣ ನಾಡೇ ಕನ್ನಡನಾಡೆಂದು ಎಲ್ಲೆ ಗುರುತಿಸಿದ ಗ್ರಂಥವದು. ಆ ಎಲ್ಲೆಗಳ ಹೊರಗಿರುವ ಕಡಲತಡಿಯ ನಗರವೊಂದರಲ್ಲಿ ಅದರ ಪಾಠಗಳನ್ನು ಹೋಲಿಸಿ ತಿದ್ದುವ ಕಾರ್ಯ ನಡೆಯಿತೆಂಬುದು ಗಮನಾರ್ಹ. ಕನ್ನಡದ ಎಲ್ಲೆ ಎಲ್ಲಿಯವರೆಗೆ ಎಂಬುದನ್ನು ಗ್ರಂಥ ಹೇಳಿತು. ಕನ್ನಡದ ಕೆಲಸ ಎಲ್ಲಿಯವರೆಗೆ ನಡೆಯಬಲ್ಲುದೆಂಬುದನ್ನು ಅದರ ಸಂಪಾದಕರು ತೋರಿಸಿದರು.

ಈ ಪರಂಪರೆಯಲ್ಲಿ ಮುಂದೆ ಬಂದವರು ಪ್ರೊಫೆಸರ್ ಎಂ. ಮರಿಯಪ್ಪ ಭಟ್ಟರು. ಜರ್ಮನಿಯಲ್ಲಿ ಹುಟ್ಟಿ, 1853ರಲ್ಲಿ ಮತಪ್ರಚಾರಕ್ಕೆಂದು ಭಾರತಕ್ಕೆ ಬಂದ ಫರ್ಡಿನೆಂಡ್ ಕಿಟ್ಟೆಲರು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟಿಸಿದ ಕನ್ನಡ ಇಂಗ್ಲಿಷ್ ನಿಘಂಟು ಪ್ರಸಿದ್ಧವೇ ಆಗಿದೆ. 1700ಕ್ಕೂ ಮಿಕ್ಕ ಪುಟಗಳ ಆ ಕೃತಿಯನ್ನು ತಿದ್ದಿ ವಿಸ್ತರಿಸುವ ಹೊಣೆಯನ್ನು ಮರಿಯಪ್ಪ ಭಟ್ಟರು ಹೊತ್ತರು. 1968ರಿಂದ 1971ರೊಳಗಾಗಿ ಅದು ನಾಲ್ಕು ಸಂಪುಟಗಳಲ್ಲಿ ಮದರಾಸು ವಿಶ್ವವಿದ್ಯಾನಿಲಯದಿಂದ ಹೊರಬಂದಿತು. ಅದಕ್ಕೆ ಸ್ವಲ್ಪ ಮುನ್ನ, 1967ರಲ್ಲಿ, ಎ. ಶಂಕರ ಕೆದಿಲಾಯರೊಡನೆ ಅವರು ಸಿದ್ಧಪಡಿಸಿದ ತುಳು ಇಂಗ್ಲಿಷ್ ನಿಘಂಟೂ ಅಲ್ಲಿಂದಲೇ ಪ್ರಕಟವಾಗಿತ್ತು.

ಈ ವರ್ಷಗಳನ್ನು ಇತಿಹಾಸದೊಡನೆ ಇಟ್ಟು ನೋಡಬೇಕು. ರಾಜ್ಯ ಪುನರ್ವಿಂಗಡಣೆಯಾಗಿ ಹನ್ನೆರಡು ವರ್ಷಗಳು ಕಳೆದಿದ್ದುವು. ಕನ್ನಡ ಜಿಲ್ಲೆಗಳು ಮದರಾಸಿನಿಂದ ಬೇರ್ಪಟ್ಟಿದ್ದುವು. ನಿಘಂಟಿನ ಸಂಪುಟಗಳು ಒಂದೊಂದಾಗಿ ಬರುತ್ತಿದ್ದಂತೆಯೇ, 1969ರ ಜನವರಿಯಲ್ಲಿ, ಮದರಾಸು ರಾಜ್ಯವು ತಮಿಳುನಾಡು ಎಂಬ ಹೆಸರನ್ನು ಪಡೆಯಿತು. ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟಿನ ಮೊದಲನೆಯ ಸಂಪುಟ ಬಂದುದು 1970ರಲ್ಲಿ. ಅದರ ಎಂಟೂ ಸಂಪುಟಗಳು ಮುಗಿದುದು 1995ರಲ್ಲಿ. ಇಂತಿರಲು, ಇನ್ನು ಮದರಾಸಿನಲ್ಲಿ ಕನ್ನಡ ನಿಘಂಟಿನ ಕೆಲಸವೇಕೆಂದು ಯಾರಾದರೂ ಕೇಳಬಹುದಾಗಿತ್ತು. ಉತ್ತರವಿಷ್ಟೆ: ಆ ಕೆಲಸಕ್ಕೆ ಮದರಾಸು ಅನನುಕೂಲವಾದ ಸ್ಥಳವಾಗಿರಲಿಲ್ಲ, ಕೆಲವು ವಿಷಯಗಳಲ್ಲಿ ಅದೇ ಹೆಚ್ಚು ಅನುಕೂಲವಾದ ಸ್ಥಳವಾಗಿತ್ತು.

ಇದನ್ನು ಕೊಂಚ ವಿವರಿಸಬೇಕು. ಮದರಾಸಿನಲ್ಲಿ ಬೆಳಗಿನ ಹೊತ್ತು ಬಾಗಿಲಿಗೆ ಬರುವ ಹಾಲಿನವನು ‘ಪಾಲ್’ ಎಂದು ಕೂಗುತ್ತಾನೆ. ಹಳಗನ್ನಡದ ಪರಿಚಯವುಳ್ಳವನಿಗೆ ಅದು ಪರಭಾಷೆಯ ಶಬ್ದವಲ್ಲ, ಪಂಪನ ಕಾಲದ ಕನ್ನಡವೇ. ಮೊದಲ ಪಕಾರ ಕನ್ನಡದಲ್ಲಿ ಕ್ರಮೇಣ ಹಕಾರವಾದುದರಿಂದ ‘ಪಾಲ್’ ಹಾಲಾಯಿತು, ‘ಪಲ್’ ಹಲ್ಲಾಯಿತು. ತಮಿಳಿನಲ್ಲಿ ಹಳೆಯ ರೂಪವೇ ನಿಂತಿತು. ಹಾಗೆಯೇ ‘ಏೞು’, ‘ಮೞೆ’ ಮುಂತಾದ ಶಬ್ದಗಳಲ್ಲಿದ್ದ ೞಕಾರವು ಕನ್ನಡದಲ್ಲಿ ಅಳಿದು ಏಳು, ಮಳೆ ಎಂದು ಉಳಿದಿದೆ. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಈ ಅಕ್ಷರವುಳ್ಳ ಶಬ್ದಗಳನ್ನು ಪಟ್ಟಿಮಾಡಿ ಕೊಡಬೇಕಾಯಿತು. ಎಚ್ಚರದಿಂದ ಮಾತಾಡುವ ತಮಿಳರ ಬಾಯಲ್ಲಿ ಆ ಧ್ವನಿ ಇಂದಿಗೂ ಜೀವಂತ. ಮೈಸೂರಿನಲ್ಲಿ ಕುಳಿತವನು ಗ್ರಂಥದಿಂದ ಕಲಿಯಬೇಕಾದುದನ್ನು ಮದರಾಸಿನಲ್ಲಿರುವವನು ಬೀದಿಯಲ್ಲಿ ಕೇಳುತ್ತಾನೆ. ಇದರೊಡನೆ ಕರ್ನಲ್ ಮೆಕೆಂಜಿ ಸಂಗ್ರಹಿಸಿದ ಕೈಫಿಯತ್ತುಗಳನ್ನೂ ಕನ್ನಡದ ಓಲೆಗರಿಗಳನ್ನೂ ಒಳಗೊಂಡ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಭಂಡಾರ, 1924ರಿಂದ 1936ರವರೆಗೆ ಇದೇ ವಿಶ್ವವಿದ್ಯಾನಿಲಯ ಹೊರತಂದ ತಮಿಳಿನ ಮಹಾನಿಘಂಟು, ಇವು ಕೈಗೆಟಕುವಂತಿದ್ದುವು.

ಇಲ್ಲಿಯೇ ಪ್ರಸ್ತುತ ಪ್ರಶ್ನೆಯ ತಿರುಳಿದೆ. ಹೊರನಾಡಿನಲ್ಲಿರುವವನು ತನ್ನ ಇರವನ್ನು ಕೊರತೆಯೆಂದೇ ಎಣಿಸಿದರೆ, ಆ ಕೊರತೆಯನ್ನು ತುಂಬಿಕೊಳ್ಳುವುದೇ ಅವನ ಸಾಂಸ್ಕೃತಿಕ ಜೀವನದ ಸರ್ವಸ್ವವಾಗುತ್ತದೆ: ಊರಿನ ಹಬ್ಬ, ಊರಿನ ಊಟ, ವರ್ಷಕ್ಕೊಮ್ಮೆ ರಾಜ್ಯೋತ್ಸವ. ಇವು ಬೇಕು, ಆದರೆ ಇವೆಲ್ಲ ಊರಿನಲ್ಲಿ ಇನ್ನೂ ಚೆನ್ನಾಗಿ ನಡೆಯುವಂಥವು, ಇಲ್ಲಿಯವು ಅವುಗಳ ನೆರಳು. ನೆರಳಿನಿಂದ ಒಂದು ತಲೆಮಾರು ತಣಿಯಬಹುದು. ಆ ಊರನ್ನೇ ಕಾಣದ ಮಕ್ಕಳಿಗೆ ಅದು ತಂದೆತಾಯಿಗಳ ಹಳಹಳಿಕೆಯಾಗಿ ಮಾತ್ರ ತೋರುತ್ತದೆ. ಬದಲಾಗಿ, ಈ ಸ್ಥಳದಲ್ಲಿದ್ದುಕೊಂಡೇ ಮಾಡಬಹುದಾದ, ಊರಿನಲ್ಲಿದ್ದು ಮಾಡಲಾಗದ ಕಾರ್ಯ ಯಾವುದೆಂದು ಕೇಳಿಕೊಂಡವನಿಗೆ ದೂರವೇ ಬಂಡವಾಳವಾಗುತ್ತದೆ. ಕಿಟ್ಟೆಲರು ಬಂದುದು ಒಂದು ಉದ್ದೇಶಕ್ಕಾಗಿ. ಕನ್ನಡಿಗರು ಅವರನ್ನು ನೆನೆಯುವುದು ಮತ್ತೊಂದಕ್ಕಾಗಿ. ಬಂದ ಉದ್ದೇಶವೇ ಇದ್ದುದರ ಅರ್ಥವಾಗಬೇಕೆಂಬ ನಿಯಮವಿಲ್ಲ.

ಆದರೂ ಇದು ಪಂಡಿತರಿಗೆ ಸಲ್ಲುವ ಮಾತು, ಬ್ಯಾಂಕಿನ ಗುಮಾಸ್ತನಿಗೂ ಮನೆ ನಡೆಸುವ ಗೃಹಿಣಿಗೂ ಇದರಿಂದೇನು ಎಂಬ ಆಕ್ಷೇಪ ನ್ಯಾಯವಾದುದೇ. ಅದಕ್ಕೆ ಸಮಾಧಾನ ಮಕ್ಕಳ ವಿಷಯದಲ್ಲಿದೆ. ಕೊಯಮತ್ತೂರು, ಸೇಲಂ ಸೀಮೆಗಳ ನೇಕಾರ ದೇವಾಂಗರಲ್ಲಿ ಅನೇಕರು ಶತಮಾನಗಳಿಂದ ಮನೆಯೊಳಗೆ ಕನ್ನಡವನ್ನಾಡುತ್ತ ಬಂದಿದ್ದಾರೆ. ಓದು ಬರಹ ಮಾತ್ರ ತಮಿಳಿನಲ್ಲಿ. ಮಾತನ್ನು ಮನೆಯೊಂದೇ ಉಳಿಸಬಲ್ಲುದು, ಲಿಪಿಯನ್ನು ಉಳಿಸಲು ಶಾಲೆಯೂ ಸಂಘವೂ ಬೇಕು ಎಂಬುದಕ್ಕೆ ಇದು ಸಾಕ್ಷಿ. 2006ರ ತಮಿಳು ಕಲಿಕೆಯ ಕಾಯಿದೆ ತಮಿಳುನಾಡಿನ ಶಾಲೆಗಳಲ್ಲಿ ಒಂದನೆಯ ತರಗತಿಯಿಂದ ಮೊದಲಾಗಿ ಹಂತಹಂತವಾಗಿ ತಮಿಳನ್ನು ಕಡ್ಡಾಯಗೊಳಿಸಿತು. ತಮಿಳರ ನಾಡಿನಲ್ಲಿ ಬಾಳುವವನು ತಮಿಳನ್ನು ಕಲಿಯುವುದು ಧರ್ಮವೇ ಸರಿ. ಆದರೆ ಎರಡನ್ನೂ ಓದಬಲ್ಲ ಮಗು ಒಂದನ್ನೇ ಓದುವಂತಾದರೆ ನಷ್ಟ ಕನ್ನಡಕ್ಕೆ ಮಾತ್ರವಲ್ಲ. ಎರಡು ಸಾಹಿತ್ಯಗಳ ನಡುವೆ ನಿಂತು ಒಂದರದನ್ನು ಇನ್ನೊಂದಕ್ಕೆ ದಾಟಿಸಬಲ್ಲವನು ತಮಿಳಿಗೂ ಬೇಕಾದವನು. ಬೆಂಗಳೂರಿನ ಮಗುವಿಗೆ ಈ ಯೋಗ್ಯತೆ ಪ್ರಯತ್ನದಿಂದ ಬರಬೇಕು. ಚೆನ್ನೈಯ ಕನ್ನಡ ಮಗುವಿಗೆ ಅದರ ಅರ್ಧ ಬೀದಿಯಲ್ಲೂ ಅರ್ಧ ಮನೆಯಲ್ಲೂ ದೊರೆಯುತ್ತದೆ. ಕೂಡಿಸಬೇಕಾದುದು ಅಕ್ಷರವೊಂದೇ. ಸಂಜೆ ಅರ್ಧ ಗಂಟೆ ಮಗುವನ್ನು ಕುಳ್ಳಿರಿಸಿಕೊಂಡು ಕನ್ನಡದ ಪುಟವೊಂದನ್ನು ಓದಿಸುವ ತಾಯಿ ನಿಘಂಟುಕಾರನ ಕಾರ್ಯವನ್ನೇ ಬೇರೊಂದು ಪ್ರಮಾಣದಲ್ಲಿ ಮಾಡುತ್ತಿದ್ದಾಳೆ.

2009ರ ಆಗಸ್ಟ್ ತಿಂಗಳಲ್ಲಿ, ಹದಿನೆಂಟು ವರ್ಷಗಳಷ್ಟು ಕಾಲ ಮುಸುಕಿನಲ್ಲಿದ್ದ ತಿರುವಳ್ಳುವರರ ಪ್ರತಿಮೆ ಬೆಂಗಳೂರಿನಲ್ಲಿ ಅನಾವರಣಗೊಂಡಿತು. ಅದರ ಬೆನ್ನಿಗೇ ಚೆನ್ನೈಯ ಅಯನಾವರಂನಲ್ಲಿ ಸರ್ವಜ್ಞನ ಪ್ರತಿಮೆ ನಿಂತಿತು. ಒಬ್ಬನದು ಎರಡು ಸಾಲಿನ ಕುಱಳ್, ಇನ್ನೊಬ್ಬನದು ಮೂರು ಸಾಲಿನ ತ್ರಿಪದಿ. ಪ್ರತಿಮೆಗಳನ್ನು ಸರ್ಕಾರಗಳು ನಿಲ್ಲಿಸಬಲ್ಲುವು. ಆದರೆ ಅಯನಾವರಂನ ದಾರಿಹೋಕನೊಬ್ಬನು ‘ಈತ ಯಾರು, ಏನು ಹೇಳಿದ?’ ಎಂದು ತಮಿಳಿನಲ್ಲಿ ಕೇಳಿದಾಗ, ತಮಿಳಿನಲ್ಲಿಯೇ ಉತ್ತರ ಹೇಳಿ, ತ್ರಿಪದಿಯೊಂದನ್ನು ಕನ್ನಡದಲ್ಲಿ ನುಡಿದು ತೋರಿಸಬಲ್ಲವನು ಸರ್ಕಾರದ ಆಜ್ಞೆಯಿಂದ ಹುಟ್ಟುವುದಿಲ್ಲ. ಅಂಥವನೊಬ್ಬನು ಆ ಬೀದಿಯಲ್ಲಿ ಇದ್ದಾನೆಯೇ, ಇನ್ನು ಮೂವತ್ತು ವರ್ಷಗಳ ಮೇಲೂ ಇರುವನೇ ಎಂಬುದರ ಮೇಲೆ ಹೊರನಾಡಿನ ಕನ್ನಡಿಗರ ಬಾಳಿನ ಹುರುಳು ನಿಂತಿದೆ.